ಗಂಟು

ನಾಲ್ಕೂ ಮುಕ್ಕಾಲಿಗೆ ನಲ್ಲಿಯೊಳಗೆ ಗಾಳಿ ಗೊರಗುಟ್ಟುತ್ತದೆ.
ದಿನ ಬಿಟ್ಟು ದಿನ ಕಾವೇರಿ, ಗವಿಪುರ ಗುಟ್ಟಹಳ್ಳಿಯ ನಮ್ಮ ವಠಾರಕ್ಕೆ.
ನೀರು ಬಿಡುವ ಮಾದಪ್ಪ ಮೊದಲೇ ಹೇಳಿ ಹೋಗುತ್ತಾನೆ,
'ನಾಳೆ ಇಲ್ಲ ಕಣಕ್ಕ, ನಾಡಿದ್ದು.'
ನೋವಿಗೆ ಅಷ್ಟು ಮರ್ಯಾದೆಯೂ ಇಲ್ಲ.

ಹತ್ತು ಬೆರಳೂ ಇನ್ನೂ ಎದ್ದಿಲ್ಲ.
ರಾತ್ರಿಯೆಲ್ಲ ಯಾರೋ ಒಳಗೆ ಸಿಮೆಂಟು ಹುಯ್ದ ಹಾಗೆ.
ಬೋಗುಣಿಗೆ ಬಿಸಿನೀರು, ಹಿಡಿ ಉಪ್ಪು,
ಕೈ ಇಳಿಬಿಟ್ಟು ಕೂರುತ್ತೇನೆ.
ಮೊದಲು ಏಳುವುದು ಕಿರುಬೆರಳು, ಅದು ಯಾವತ್ತೂ ಒಳ್ಳೆ ಹುಡುಗಿ.
ಹೆಬ್ಬೆರಳು ಮನೆಯ ಹಿರಿಮಗ,
ಕರೆದಷ್ಟೂ ಮುಸುಕೆಳೆದುಕೊಳ್ಳುತ್ತದೆ.
ಅಷ್ಟರಲ್ಲಿ ಕೊಡ ತುಂಬುವುದು ತಿಪ್ಪೇಶಿ,
ಆಟೋ ತೆಗೆಯುವ ಮುಂಚೆ ನನ್ನ ಜಡೆ ಹೆಣೆಯುವುದೂ ಅವನೇ.
ಒಂಬತ್ತು ವರ್ಷವಾಯಿತು, ಜಡೆ ಇನ್ನೂ ಸೊಟ್ಟ.
ನಾನು ಹೇಳಿಲ್ಲ.

ದೊಡ್ಡಾಸ್ಪತ್ರೆಯ ಡಾಕ್ಟರು ಎಳೆ ಹುಡುಗಿ.
ಎಕ್ಸ್‌ರೇಯನ್ನು ಕಿಟಕಿಗೆ ಹಿಡಿದು,
'ಪೂರ್ತಿ ವಾಸಿಯಾಗೋದಲ್ಲಮ್ಮ ಇದು,
ಹತೋಟೀಲಿ ಇಟ್ಕೋಬಹುದು' ಅಂದಳು.
ಊದಿದ ಗಂಟುಗಳ ಮೇಲೆ ಬೆರಳಿಟ್ಟು ಎಣಿಸಿದಳು: ಹನ್ನೊಂದು.
ನನಗೆ ನಗು ಬಂತು.
ಸೀರೆಯ ಸೆರಗಿಗೆ ಕುಚ್ಚು ಕಟ್ಟುವವಳು ನಾನು,
ಗಂಟು ಎಣಿಸಿ ಕಾಸು ಪಡೆಯುವವಳು.
ಇವಕ್ಕೆ ಯಾರ ಹತ್ತಿರ ಕೇಳಲಿ?

ಅಮೃತಬಳ್ಳಿ ಕುಡಿ ಅಂದರು. ಬದನೆಕಾಯಿ ಬಿಡು ಅಂದರು.
ಆರು ತಿಂಗಳು ಬಿಟ್ಟೆ. ನೋವು ನನ್ನನ್ನು ಬಿಡಲಿಲ್ಲ,
ವಾಂಗಿಬಾತಿನ ಆಸೆಯೂ ಬಿಡಲಿಲ್ಲ.
'ನಗ್ತಾ ಇರಿ, ಎಲ್ಲ ಸರಿಹೋಗುತ್ತೆ'
ಅಂದರು ಮೂರನೇ ಕ್ರಾಸಿನ ಮೇಡಂ, ನಾಲ್ಕು ರೇಷ್ಮೆ ಸೀರೆ ಮಡಿಲಿಗೆ ಹಾಕಿ.
ನಗುತ್ತೇನೆ. ಮಾತ್ರೆಯನ್ನೂ ನುಂಗುತ್ತೇನೆ.
ಅದು ವಾರಕ್ಕೊಮ್ಮೆ, ಗುರುವಾರ ರಾತ್ರಿ.
ಶುಕ್ರವಾರ ಬಾಯೆಲ್ಲ ತುಕ್ಕಿನ ರುಚಿ,
ಶುಕ್ರವಾರ ನಾನು ಯಾರ ಸೀರೆಯನ್ನೂ ಮುಟ್ಟುವುದಿಲ್ಲ,
ಮೇಡಂ ಮಗಳ ಮದುವೆಯೇ ಆಗಲಿ.
'ಆಗಲ್ಲ' ಅನ್ನುವುದಕ್ಕೆ ನಾಲ್ಕು ವರ್ಷ ಹಿಡಿಯಿತು.
ಗಂಟಲಲ್ಲಿ ಇದ್ದದ್ದು ಹನ್ನೆರಡನೆಯ ಗಂಟು,
ಡಾಕ್ಟರು ಅದನ್ನು ಎಣಿಸಿರಲಿಲ್ಲ.

ಸುಳ್ಳು ಹೇಳುವುದಿಲ್ಲ. ಹೋದ ಚಳಿಗಾಲ ಒಂದು ಬೆಳಿಗ್ಗೆ
ಹಾಲಿನ ಪ್ಯಾಕೆಟ್ಟಿನ ಮೂಲೆ ಕತ್ತರಿಸಲಾಗದೆ
ಹಲ್ಲಲ್ಲಿ ಕಚ್ಚಿ, ಮೈಮೇಲೆಲ್ಲ ಹಾಲು ಸುರಿದುಕೊಂಡು,
ನೆಲದ ಮೇಲೆ ಕೂತು ಬೀದಿಗೆಲ್ಲ ಕೇಳುವ ಹಾಗೆ ಬೈದೆ.
ಯಾರನ್ನು ಅಂತ ಇವತ್ತಿಗೂ ಗೊತ್ತಿಲ್ಲ.
ಪಕ್ಕದವರು ಮರ್ಯಾದೆಗೆ ಬಾಗಿಲು ಮುಚ್ಚಿಕೊಂಡರು.
ಬೆಕ್ಕು ಮಾತ್ರ ಬಂತು, ಹಾಲಿಗೆ.

ಮಧ್ಯಾಹ್ನ ಎದ್ದು
ಕತ್ತರಿಯ ಹಿಡಿಗೆ ಹಳೇ ಸೈಕಲ್ ಟ್ಯೂಬು ಸುತ್ತಿದೆ.
ಸೌಟಿಗೆ ಬಟ್ಟೆ. ರವಿಕೆಯ ಹುಕ್ಕು ಕಿತ್ತು
ಪರಪರ ಅನ್ನುವ ಪಟ್ಟಿ ಹೊಲಿದೆ.
ಬಚ್ಚಲ ನಲ್ಲಿಗೆ ಮೊಣಕೈಯಲ್ಲಿ ತಳ್ಳುವ ಹಿಡಿ ಬಂತು,
ಚೀಟಿ ದುಡ್ಡಿನಲ್ಲಿ. ಸೆರಗಿನ ತುದಿಯ ಆ ಗಂಟು
ಬಿಚ್ಚುವಾಗ ಮಾತ್ರ ಬೆರಳು ನೋಯಲಿಲ್ಲ.

ಈಗ ಹತ್ತು ಗಂಟೆಗೆ ನುಸ್ರತ್ ಬರುತ್ತಾಳೆ, ಕಲಿಯಲು.
ಅವಳ ಬೆರಳು ನೋಡಿ ಮೊದಮೊದಲು ಹೊಟ್ಟೆ ಉರಿಯುತ್ತಿತ್ತು,
ಮೀನಿನ ಮರಿಗಳ ಹಾಗೆ, ಹೇಳದೇ ತಿರುಗುತ್ತವೆ.
'ಎಂಟು ಎಳೆ ಹಿಡಿ. ಎಡಕ್ಕೊಂದು ಸುತ್ತು.
ತೀರಾ ಬಿಗೀಬೇಡ, ಉಸಿರಾಡಲಿ.'
ಆಮೇಲಿನ ಸಣ್ಣ ತಿರುವು ಕೈಗೆ ಗೊತ್ತಿತ್ತು, ಬಾಯಿಗೆ ಗೊತ್ತಿರಲಿಲ್ಲ.
ಇಪ್ಪತ್ತು ವರ್ಷದ ಕೆಲಸಕ್ಕೆ ಮಾತೇ ಇಲ್ಲ ನನ್ನ ಹತ್ತಿರ!
ಹುಡುಕಿ ಹುಡುಕಿ ಅಂದೆ,
'ಬಸ್ಸಲ್ಲಿ ಬಸುರಿಗೆ ಸೀಟು ಬಿಡ್ತಾರಲ್ಲ,
ಹಾಗೆ ಸರೀಬೇಕು ಈ ಎಳೆ.'
ಸರಿಯಿತು.

ಕೈ ಬಗ್ಗುವ ದಿನ ಕೊನೆಯ ಕುಚ್ಚು ನನ್ನದು.
ಇವತ್ತಿನದು ಒಂದಿಷ್ಟು ಸೊಟ್ಟ, ಬೆನ್ನ ಮೇಲಿನ ಜಡೆಯ ಹಾಗೆ.
ನುಸ್ರತ್ ಬಿಚ್ಚಿ ಕಟ್ಟಲು ಹೋದಳು.
ಇರಲಿ ಬಿಡೇ ಅಂದೆ.

ನಾಳೆ ನೀರಿನ ದಿನ.
ಬೋಗುಣಿ ತೊಳೆದು ಬೋರಲು ಹಾಕಿದ್ದೇನೆ.